ಅರಳುಮರಳಿಗೆ ವಯಸ್ಸು ಗೊತ್ತುಮಾಡಿದವರಿಗೆ

ರಾಜ್ಯ ಶಾಸನಸಭೆಯ ನ್ಯಾಯಾಂಗ ಸಮಿತಿಯ ಅಧ್ಯಕ್ಷರ ಸನ್ನಿಧಾನಕ್ಕೆ

ಮಾನ್ಯರೇ,

ನಮ್ಮ ವಾರ್ಡಿನ ನ್ಯಾಯಾಧೀಶನಿಗೆ ನ್ಯಾಯ ಹೇಳಲು ಬರುವುದಿಲ್ಲ. ದಯವಿಟ್ಟು ಅವನನ್ನು ಆ ಕುರ್ಚಿಯಿಂದ ಎಬ್ಬಿಸಿ. ಇದನ್ನು ಯಾರದೋ ಚಾಡಿಮಾತು ಕೇಳಿಕೊಂಡು ಬರೆಯುತ್ತಿಲ್ಲ. ಆ ನ್ಯಾಯಾಧೀಶ ನಾನೇ.

ನನಗೆ ಇಪ್ಪತ್ತೊಂಬತ್ತು ವರ್ಷ. ಕಸುಬು ದೋಣಿ ಎಂಜಿನ್ ರಿಪೇರಿ. ಕೆಮ್ಮುವ ಎಂಜಿನ್ನಿನ ಸದ್ದು ಕೇಳಿ ಅದರ ಕಾಯಿಲೆ ಹೇಳಬಲ್ಲೆ. ಕೆಮ್ಮುವ ಮನುಷ್ಯ ಸುಳ್ಳು ಹೇಳುತ್ತಿದ್ದಾನೋ ಇಲ್ಲವೋ ಹೇಳಲಾರೆ. ನನಗಿಂತ ಮುಂಚೆ ಇಪ್ಪತ್ತೆಂಟು ವರ್ಷ ಈ ಕೆಲಸ ಮಾಡಿದವರು ಯೂಲಾಲಿ ವೆರೆಟ್. ವಾರ್ಡಿಗೆಲ್ಲ ಅವರು ‘ತಾಂತ್ ಯೂಲಾಲಿ’. ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ ಎಲ್ಲದಕ್ಕೂ ನಮ್ಮಲ್ಲಿ ‘ತಾಂತ್’ ಎಂಬ ಒಂದೇ ಮಾತು. ಆಕೆಗೆ ಎಪ್ಪತ್ತು ತುಂಬಿತೆಂಬ ಒಂದೇ ಅಪರಾಧಕ್ಕೆ ನಿಮ್ಮ ಕಾನೂನು ಆಕೆಯನ್ನು ಮತ್ತೆ ಚುನಾವಣೆಗೆ ನಿಲ್ಲದಂತೆ ಮಾಡಿತು. ಈ ವಯೋಮಿತಿಯನ್ನು ಎಪ್ಪತ್ತೈದಕ್ಕೆ ಏರಿಸುವ ಮಸೂದೆಯೊಂದು ಮೂರು ವರ್ಷದಿಂದ ನಿಮ್ಮ ಸಮಿತಿಯ ಮೇಜಿನ ಮೇಲೆ ನಿದ್ದೆ ಹೊಡೆಯುತ್ತಿದೆ. ಅದನ್ನು ಎಬ್ಬಿಸಿ, ಮುಖ ತೊಳೆಸಿ, ಇನ್ನಷ್ಟು ಬಲಪಡಿಸಿ ಪಾಸು ಮಾಡಿ ಎಂದು ಕೇಳಿಕೊಳ್ಳುವುದಕ್ಕೆ ಈ ಪತ್ರ. ಪತ್ರಿಕೆಯಲ್ಲಿ ಬರೆಯುತ್ತಿರುವುದೇಕೆಂದರೆ, ನಿಮ್ಮ ಕಚೇರಿಗೆ ನೇರವಾಗಿ ಬರೆದ ನಾಲ್ಕು ಪತ್ರಗಳಿಗೂ ‘ನಿಮ್ಮ ಹಿರಿಯರಿಗೆ ನಮ್ಮ ಶುಭಾಶಯಗಳು’ ಎಂಬ ಒಂದೇ ಉತ್ತರ ಬಂದಿದೆ.

ನಮ್ಮದು ದೊಡ್ಡ ಕೋರ್ಟೇನಲ್ಲ. ಕೊಲೆ ಸುಲಿಗೆ ನಮ್ಮ ಬಾಗಿಲಿಗೆ ಬರುವುದಿಲ್ಲ. ಬೇಲಿ, ನಾಯಿ, ಏಡಿ ಹಿಡಿಯುವ ಬೋನು, ಬಾಡಿಗೆಮನೆ, ಆಗಾಗ ಒಂದು ಮದುವೆ. ಜನ ತಮ್ಮಲ್ಲೇ ಒಬ್ಬರನ್ನು ಮತ ಹಾಕಿ ಆರಿಸುತ್ತಾರೆ, ವಕೀಲಿಕೆ ಓದಿರಬೇಕಿಲ್ಲ. ತಾಂತ್ ಯೂಲಾಲಿ ಓದಿದ್ದು ಹೈಸ್ಕೂಲು, ದುಡಿದದ್ದು ಸಿಗಡಿ ಕಾರ್ಖಾನೆಯಲ್ಲಿ. ಮನೆಯ ಪಕ್ಕ ಕಾರು ನಿಲ್ಲಿಸುವ ತಗಡಿನ ಚಪ್ಪರವೇ ಅವರ ಕೋರ್ಟು. ಅಲ್ಲಿ ನಿಯಮ ಒಂದೇ: ವಾದಿ ಪ್ರತಿವಾದಿ ಇಬ್ಬರೂ ಮೊದಲು ಒಂದೊಂದು ಬಟ್ಟಲು ಬೆಂಡೆಕಾಯಿ ಹಾಕಿದ ಗಂಬೋ ಸಾರು, ಅನ್ನ ಉಣ್ಣಬೇಕು. “ಹಸಿದವನ ಮಾತು ಅರ್ಧ ಅವನ್ದು, ಅರ್ಧ ಅವನ ಹೊಟ್ಟೇದು. ಯಾವ್ದು ಯಾರ್ದು ಅಂತ ನಾನೆಲ್ಲಿ ಆರಿಸ್ಕೊಂಡು ಕೂತ್ಕೊಳ್ಲಿ?” ಎನ್ನುತ್ತಿದ್ದರು. ಉಂಡಾದ ಮೇಲೆ ಇಬ್ಬರ ನಡುವೆ ಒಂದು ಬಕೆಟ್ಟು ಸಿಗಡಿ ಬರುತ್ತಿತ್ತು. ಸುಲಿಯುತ್ತಲೇ ವಾದ ಮಾಡಬೇಕು. ಬಕೆಟ್ಟು ಖಾಲಿಯಾಗುವಷ್ಟರಲ್ಲಿ ಮೊಕದ್ದಮೆಯೂ ಖಾಲಿ. ಇಪ್ಪತ್ತೆಂಟು ವರ್ಷದಲ್ಲಿ ಮೇಲಿನ ಕೋರ್ಟಿಗೆ ಹೋದವರು ಇಬ್ಬರೇ. ಅವರಲ್ಲೊಬ್ಬನಿಗೆ ಸಿಗಡಿ ಮುಟ್ಟಿದರೆ ಮೈ ತುರಿಸುತ್ತಿತ್ತು.

ಇಂಥವರ ಬುದ್ಧಿ ಎಪ್ಪತ್ತನೆಯ ಹುಟ್ಟುಹಬ್ಬದ ಬೆಳಿಗ್ಗೆ ಕೆಟ್ಟುಹೋಗುತ್ತದೆಂದು ನಿಮಗೆ ತಿಳಿಸಿದವರು ಯಾರು? ಹಿಂದಿನ ದಿನ ಸರಿಯಿದ್ದದ್ದು ಕೇಕು ಕತ್ತರಿಸುವ ಹೊತ್ತಿಗೆ ಹಳಸುತ್ತದೆಯೇ? ಹಾಲಿನ ಡಬ್ಬಿಯ ಮೇಲೂ ‘ಇಂಥ ದಿನಾಂಕದೊಳಗೆ ಬಳಸಿದರೆ ಉತ್ತಮ’ ಎಂದಷ್ಟೇ ಬರೆದಿರುತ್ತದೆ. ನಮ್ಮಮ್ಮ ಮೂಸಿ ನೋಡಿ ಆಮೇಲೂ ಎರಡು ದಿನ ಬಳಸುತ್ತಾಳೆ. ನೀವು ಮೂಸಿಯೂ ನೋಡಲಿಲ್ಲ. ಇನ್ನೊಂದು ಸಂದೇಹ. ನಿಮ್ಮದೇ ಸಮಿತಿಯ ಜಾಲತಾಣದಲ್ಲಿ ನಿಮ್ಮ ವಯಸ್ಸು ಎಪ್ಪತ್ತೇಳು ಎಂದಿದೆ. ನಿಮ್ಮ ಎಡಗಡೆ ಕೂರುವ ಸದಸ್ಯರಿಗೆ ಎಂಬತ್ತನಾಲ್ಕು. ಕಳೆದ ಅಧಿವೇಶನದ ನೇರಪ್ರಸಾರದಲ್ಲಿ ಅವರು ತಮ್ಮದೇ ಭಾಷಣದ ನಡುವೆ ತೂಕಡಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಕಾನೂನು ಮಾಡುವುದಕ್ಕೆ ವಯಸ್ಸಿನ ಮಿತಿಯಿಲ್ಲ, ನೀವು ಮಾಡಿದ ಕಾನೂನನ್ನು ಓದಿ ಅರ್ಥಮಾಡಿಕೊಳ್ಳುವುದಕ್ಕೆ ಮಿತಿಯಿದೆ. ಮಾಡುವುದಕ್ಕಿಂತ ಅರ್ಥಮಾಡಿಕೊಳ್ಳುವುದೇ ಕಷ್ಟ ಎಂಬುದು ಇದರ ತಾತ್ಪರ್ಯವಾದರೆ, ನನ್ನ ಆಕ್ಷೇಪವಿಲ್ಲ.

ಇನ್ನು ನಾನು ಆರಿಸಿಬಂದ ಕಥೆ. ಗೆಳೆಯರೊಂದಿಗೆ ಇಸ್ಪೀಟಿನಲ್ಲಿ ಸೋತೆ. ಸೋತವನು ನ್ಯಾಯಾಧೀಶ ಸ್ಥಾನಕ್ಕೆ ಅರ್ಜಿ ಹಾಕಬೇಕೆಂದು ಪಣವಾಗಿತ್ತು. ಅರ್ಜಿ ಹಾಕಿದರೇನಂತೆ, ಬೇರೆ ಯಾರೋ ಯೋಗ್ಯರು ಹಾಕೇ ಹಾಕುತ್ತಾರೆ, ನಾನು ಗೌರವದಿಂದ ಸೋಲುತ್ತೇನೆ ಎಂದುಕೊಂಡೆ. ವಾರ್ಡಿನ ಯೋಗ್ಯರೆಲ್ಲರೂ ಹಾಗೇ ಅಂದುಕೊಂಡಿದ್ದರು. ತಾಂತ್ ಯೂಲಾಲಿ ಬದುಕಿರುವಾಗ ಆಕೆಯ ಕುರ್ಚಿಯಲ್ಲಿ ಕೂರಲು ಒಬ್ಬರಿಗೂ ಧೈರ್ಯವಿರಲಿಲ್ಲ. ಕೊನೆಯ ದಿನ ಸಂಜೆ ಗುಮಾಸ್ತೆ ಫೋನು ಮಾಡಿ “ಅಭಿನಂದನೆಗಳು ಸಾರ್, ನೀವೊಬ್ರೇ” ಎಂದಳು. ಹೀಗೆ ಒಂದೇ ಒಂದು ಮತವೂ ಬೀಳದೆ ನಾನು ಜನರ ಆಯ್ಕೆಯಾದೆ. ರಾಜಧಾನಿಯಲ್ಲಿ ಮೂರು ದಿನ ತರಬೇತಿ ಕೊಟ್ಟರು, ಹೆಬ್ಬಾವಿನಷ್ಟು ದಪ್ಪದ ಕಾನೂನು ಕಡತವೊಂದನ್ನು ಕೈಗಿತ್ತರು. ಮನೆಗೆ ಬಂದು ನನ್ನ ರಿಪೇರಿ ಷೆಡ್ಡಿನಲ್ಲಿ ಎಣ್ಣೆಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ ಕೋರ್ಟು ತೆರೆದೆ.

ಮೂರು ತಿಂಗಳು ದೇವರು ಕಾಪಾಡಿದ. ಎರಡು ಮದುವೆ ಮಾಡಿಸಿದೆ. ಎರಡನೆಯದರಲ್ಲಿ ವರನ ಹೆಸರಿನ ಬದಲು ಅವನ ಅಣ್ಣನ ಹೆಸರು ಹೇಳಿಬಿಟ್ಟೆ, ಆದರೆ ವಧು ಸಮಯಕ್ಕೆ ಸರಿಯಾಗಿ ಕಿರುಚಿದಳು. ನಾಲ್ಕನೆಯ ತಿಂಗಳಲ್ಲಿ ಬಂತು ‘ಪೆಲ್ಲರಿನ್ ವಿರುದ್ಧ ಮಾಟರ್ನ್’. ಪೆಲ್ಲರಿನ್ ಎಂದರೆ ಉಲ್ರಿಕ್ ಪೆಲ್ಲರಿನ್, ನನ್ನಪ್ಪ. ಮಾಟರ್ನ್ ಎಂದರೆ ಎನೋಸ್ ಮಾಟರ್ನ್, ಅಪ್ಪನ ಜೀವದ ಗೆಳೆಯ, ಜ್ಞಾನಸ್ನಾನದಲ್ಲಿ ನನ್ನನ್ನು ಎತ್ತಿಕೊಂಡ ಧರ್ಮತಂದೆ.

ಈ ಇಬ್ಬರೂ ಸೇರಿ ಒಂದು ದೋಣಿ ನಡೆಸುತ್ತಿದ್ದರು. ದೋಣಿ ಅಪ್ಪನದು, ಎಂಜಿನ್ ಎನೋಸರದು. ಮೂವತ್ತು ವರ್ಷ ಅದರಲ್ಲೇ ಏಡಿ ಹಿಡಿದರು, ಅದರಲ್ಲೇ ಮಕ್ಕಳನ್ನು ಸಾಕಿದರು. ಜಗಳ ಬಂದದ್ದು ಒಂದು ಮೀನಿನಿಂದ. ಇಪ್ಪತ್ತನಾಲ್ಕು ವರ್ಷದ ಹಿಂದೆ ಹಿನ್ನೀರಿನಲ್ಲಿ ನಲವತ್ತೊಂದು ಪೌಂಡಿನ ಕೆಂಬಣ್ಣದ ಮೀನೊಂದು ಸಿಕ್ಕಿತ್ತು. ಅದರ ಫೋಟೋ ಗಾಳದ ಅಂಗಡಿಯಲ್ಲಿ ಇಂದಿಗೂ ಇದೆ: ತಲೆಯ ಕಡೆ ಅಪ್ಪ, ಬಾಲದ ಕಡೆ ಎನೋಸ್, ನಡುವೆ ಬಾಯಿ ತೆರೆದುಕೊಂಡ ಮೀನು. ಈ ಸಲ ಅಂಗಡಿಯವನು ಗೋಡೆಗೆ ಸುಣ್ಣ ಹೊಡೆಸಿ, ಫೋಟೋಗಳ ಕೆಳಗೆಲ್ಲ ಹೆಸರಿನ ಚೀಟಿ ಅಂಟಿಸಿದ. ಆ ಫೋಟೋದ ಕೆಳಗೆ ‘ಎನೋಸ್ ಮಾಟರ್ನ್ ಹಿಡಿದ ಮೀನು’ ಎಂದು ಬರೆದುಬಿಟ್ಟ.

ಅಪ್ಪ ಅಲ್ಲೇ ಕೇಳಿದ: “ಎನೋಸ್, ಇದನ್ನ ಬರೆಸಿದ್ದು ನೀನೇನೋ?”

“ನಾನ್ಯಾಕೆ ಬರೆಸ್ಲಿ? ಇಡೀ ಊರಿಗೆ ಗೊತ್ತಿರೋದನ್ನ ಬರೆದಿದ್ದಾನೆ.”

“ಊರಿಗೆ ಗೊತ್ತಿರೋದಾ! ನೀನು ಹಿಡಿದದ್ದು ಬಾಲ ಕಣೋ, ಬಾಲ! ಅದೂ ಫೋಟೋಗೆ!”

“ತಲೆ ಹಿಡ್ಕೊಂಡೋರೆಲ್ಲ ಮೀನುಗಾರರಾಗಿದ್ರೆ ಕ್ಷೌರಿಕ ರಾಜ ಆಗ್ತಿದ್ದ” ಎಂದರು ಎನೋಸ್.

ಆ ಸಂಜೆಯೇ ಎನೋಸ್ ಎಂಜಿನ್ ಬಿಚ್ಚಿಕೊಂಡು ಬಂದು ನನ್ನ ಷೆಡ್ಡಿನಲ್ಲಿಟ್ಟು, “ರಿಪೇರಿ ಇದೆ, ಇಟ್ಕೊಂಡಿರು” ಎಂದು ಹೋದರು. ಅದರಲ್ಲಿ ರಿಪೇರಿ ಏನೂ ಇರಲಿಲ್ಲ. ಮರುದಿನ ಅಪ್ಪ ಅರ್ಜಿ ಕೊಟ್ಟ: ಮೂವತ್ತು ವರ್ಷ ಜೊತೆಗಿದ್ದ ಎಂಜಿನ್ ದೋಣಿಯ ಅಂಗವೇ, ಆದ್ದರಿಂದ ಅದು ತನ್ನದು. ಅದರ ಮರುದಿನ ಎನೋಸ್ ಎದುರು ಅರ್ಜಿ ಕೊಟ್ಟರು: ಎಂಜಿನ್ ಇಲ್ಲದ ದೋಣಿ ಬರೀ ಬಾತುಕೋಳಿಗಳ ಬೆಂಚು, ಆದ್ದರಿಂದ ದೋಣಿಯೂ ತನ್ನದೇ. ವಿವಾದದ ವಸ್ತು ನನ್ನದೇ ಷೆಡ್ಡಿನಲ್ಲಿ, ವಾದಿ ನನ್ನ ತಂದೆ, ಪ್ರತಿವಾದಿ ನನ್ನ ಧರ್ಮತಂದೆ! ಇದನ್ನು ಬೇರೆ ವಾರ್ಡಿಗೆ ದಾಟಿಸೋಣವೆಂದು ಪಕ್ಕದ ನ್ಯಾಯಾಧೀಶರಿಗೆ ಬರೆದೆ. ಅಲ್ಲೂ ನಿಮ್ಮ ಕಾನೂನು ತನ್ನ ಕೆಲಸ ಮಾಡಿತ್ತು. ಹಳಬರು ಮನೆಗೆ ಹೋಗಿದ್ದರು. ಬಂದಿದ್ದವನು ಇಪ್ಪತ್ನಾಲ್ಕರ ಹುಡುಗ. “ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ಕಳಿಸ್ಬೇಡ. ನನ್ನತ್ರ ಆಗ್ಲೇ ನಮ್ಮಜ್ಜಿ ಕೇಸಿದೆ” ಎಂದು ಉತ್ತರಿಸಿದ.

ವಿಚಾರಣೆಯ ದಿನ ತಾಂತ್ ಯೂಲಾಲಿಯನ್ನು ಅನುಕರಿಸಲು ನಾನೂ ಒಂದು ಬಕೆಟ್ಟು ಸಿಗಡಿ ತಂದಿಟ್ಟೆ. ಇಬ್ಬರೂ ಅದನ್ನು ಮುಟ್ಟಲಿಲ್ಲ. ಬೆಕ್ಕುಗಳು ಮುಟ್ಟಿದವು.

“ವಾದಿಗಳು ತಮ್ಮ ಹೇಳಿಕೆ ಕೊಡಬಹುದು” ಎಂದೆ, ಕಡತ ನೋಡಿಕೊಂಡು.

ಅಪ್ಪ ಎದ್ದು ನಿಂತು ಟೊಪ್ಪಿಗೆ ತೆಗೆದ. “ಮಾನ್ಯ ನ್ಯಾಯಾಧೀಶರೇ, ತಮ್ಮ ಅಂಡು ತೊಳೆದವನು ನಾನು. ಮೊದಲು ಅದನ್ನ ದಾಖಲೆಗೆ ಬರ್ಕೊಳ್ಳಿ.”

“ಆಕ್ಷೇಪ ಇದೆ!” ಎನೋಸ್ ಹಾರಿ ಎದ್ದರು. “ಇವನ ತಲೆ ಮೇಲೆ ಪಾದ್ರಿ ನೀರು ಹೊಯ್ದಾಗ ಎತ್ಕೊಂಡಿದ್ದು ನಾನು. ಹಾವಿನ ಹಂಗೆ ನುಲೀತಿದ್ದ. ಕೈ ಬಿಟ್ಟಿದ್ರೆ ಈ ಕೋರ್ಟೇ ಇರ್ತಿರ್ಲಿಲ್ಲ.”

“ಬಿಟ್ಟಿದ್ರೆ ಚೆನ್ನಾಗಿರ್ತಿತ್ತು, ಇವತ್ತು ಸ್ವಂತ ಅಪ್ಪನ್ನ ನಿಲ್ಸಿ ಮಾತಾಡಿಸ್ತಿರ್ಲಿಲ್ಲ” ಎಂದ ಅಪ್ಪ.

ಆ ದಿನ ಅವರಿಬ್ಬರೂ ಒಪ್ಪಿದ ಸಂಗತಿ ಅದೊಂದೇ.

ಕಡತವನ್ನು ಮೂರು ಬಾರಿ ಓದಿ ತೀರ್ಪು ಕೊಟ್ಟೆ: ದೋಣಿ ಉಲ್ರಿಕ್ ಪೆಲ್ಲರಿನ್‌ಗೆ ಸೇರಿದ್ದು, ಎಂಜಿನ್ ಎನೋಸ್ ಮಾಟರ್ನ್‌ಗೆ ಸೇರಿದ್ದು, ಅವರವರ ವಸ್ತು ಅವರವರ ಬಳಿ ಇರತಕ್ಕದ್ದು. ಕಾನೂನಿನ ಪ್ರಕಾರ ಅದರಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಅದರ ಫಲವಾಗಿ ಅಪ್ಪನ ಬಳಿ ಓಡಲಾರದ ದೋಣಿಯೂ, ಎನೋಸರ ಬಳಿ ತೇಲಲಾರದ ಎಂಜಿನ್ನೂ ಉಳಿದವು. ನಮ್ಮ ಊರ ಮುಂದಿನ ‘ಬಾಯೂ’ ಎಂಬ ಹಿನ್ನೀರ ತೊರೆ, ಹರಿಯಬೇಕೋ ನಿಲ್ಲಬೇಕೋ ಎಂದು ಇನ್ನೂ ತೀರ್ಮಾನಿಸದ ನೀರು. ಅದರಲ್ಲಿ ಅಪ್ಪ ಅರವತ್ತಾರನೆಯ ವಯಸ್ಸಿನಲ್ಲಿ ಜಲ್ಲೆ ಹಾಕಿ ದೋಣಿ ನೂಕತೊಡಗಿದ. ಅವನ ಬೋನುಗಳಿದ್ದದ್ದು ನಾಲ್ಕು ಮೈಲಿ ದೂರ. ಎನೋಸ್ ದಡದಲ್ಲಿ ನೀಲಿ ಡ್ರಮ್ಮೊಂದಕ್ಕೆ ನೀರು ತುಂಬಿಸಿ, ಎಂಜಿನ್ನನ್ನು ಅದರೊಳಗೆ ಇಳಿಬಿಟ್ಟು, ಅಪ್ಪ ಜಲ್ಲೆ ಹಿಡಿದು ಹೊರಟ ಕೂಡಲೇ ಅದನ್ನು ಚಾಲೂ ಮಾಡುತ್ತಿದ್ದರು. ದಿನಾ ಬೆಳಿಗ್ಗೆ ಐದೂವರೆಗೆ. ಅಪ್ಪ ಕಣ್ಮರೆಯಾಗುವವರೆಗೆ. ಅಪ್ಪ ಕಣ್ಮರೆಯಾಗಲು ಒಂದು ಗಂಟೆ ಬೇಕಾಗುತ್ತಿತ್ತು.

ಊರವರೆಲ್ಲ ಕೆಂಗಣ್ಣು ಮಾಡಿಕೊಂಡು ನನ್ನ ಷೆಡ್ಡಿನ ಮುಂದೆ ನಿಂತರು. ಭಾನುವಾರದ ಊಟಕ್ಕೆ ಕೂತರೆ ಅಮ್ಮ ಖಾಲಿ ತಟ್ಟೆಯ ಮೇಲೆ ನನ್ನ ಕಾನೂನು ಕಡತವನ್ನು ಇಟ್ಟಿದ್ದಳು.

“ಇದೇನಮ್ಮಾ?”

“ಊಟ. ನಿಮ್ಮಪ್ಪನ ಬೆನ್ನಿಗೆ ಎಣ್ಣೆ ತಿಕ್ಕಿ ತಿಕ್ಕಿ ನನ್ನ ಕೈಯಲ್ಲಿ ಸೌಟು ಹಿಡಿಯೋ ಶಕ್ತಿ ಇಲ್ಲ. ಎನೋಸ್ ಬರದೆ ನಾಲ್ಕು ಭಾನುವಾರ ಆಯ್ತು. ಆ ಮನುಷ್ಯ ನನ್ನ ಅಡಿಗೆಗೆ ಹೆಸರಿಡದೆ ನಂಗೂ ಅಡಿಗೆ ಮಾಡಿದ ಹಂಗೇ ಅನ್ಸಲ್ಲ. ನಿನ್ನ ಕಾನೂನಿಗೆ ಉಪ್ಪು ಹಾಕ್ಕೊಂಡು ತಿನ್ನು.”

ಎನೋಸ್ ಕೂರುತ್ತಿದ್ದ ಕುರ್ಚಿಯ ಮೇಲೆ ಅಪ್ಪ ತನ್ನ ಟೊಪ್ಪಿಗೆ ಇಟ್ಟಿದ್ದ, ಬೇರೆ ಯಾರೂ ಕೂರದಂತೆ.

ಕಡತವನ್ನು ಕಂಕುಳಲ್ಲಿಟ್ಟುಕೊಂಡು ಅಲ್ಲಿಂದ ಎದ್ದು ನೇರವಾಗಿ ತಾಂತ್ ಯೂಲಾಲಿಯ ಜಗಲಿಗೆ ಹೋದೆ. ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿ, “ಏನ್ ಮಾಡ್ಲಿ ತಾಂತ್?” ಎಂದೆ.

“ನನ್ನ ಯಾಕೆ ಕೇಳ್ತೀಯಪ್ಪ? ನಂಗೆ ಎಪ್ಪತ್ತೆರಡು. ಎಪ್ಪತ್ತಕ್ಕೇ ತಲೆ ಕೆಡುತ್ತೆ ಅಂತ ಸರ್ಕಾರ ಹೇಳಿದೆ. ಸರ್ಕಾರ ಸುಳ್ಳು ಹೇಳುತ್ತಾ?”

“ತಾಂತ್, ತಮಾಷೆ ಬೇಡ.”

“ತಮಾಷೆ ಅಲ್ಲ ಮಗಾ. ಕಾಗದ ಬಂದಿದೆ.” ಒಳಗೆ ಹೋಗಿ ಒಂದು ಲಕೋಟೆ ತಂದರು. ಇಪ್ಪತ್ತೆಂಟು ವರ್ಷದ ಸೇವೆಗೆ ಸರ್ಕಾರದ ಕೃತಜ್ಞತಾಪತ್ರ. ನಾಲ್ಕು ಸಾಲು. ಕೆಳಗೆ ಅಚ್ಚಿನ ಸಹಿ. ಮೇಲೆ, ‘ಶ್ರೀ ಯೂಜೀನ್ ಬ್ಯಾರೆಟ್ ಅವರಿಗೆ’ ಎಂದಿತ್ತು.

“ನಾನು ಹೆಂಗಸು ಅನ್ನೋದೂ ಅವ್ರಿಗೆ ಗೊತ್ತಿಲ್ಲ. ವಯಸ್ಸು ಮಾತ್ರ ಸರಿಯಾಗಿ ಗೊತ್ತು” ಎಂದು ನಕ್ಕರು. ನಗು ಮುಗಿದ ಮೇಲೂ ಆ ಕಾಗದವನ್ನು ಮಡಚುತ್ತಲೇ ಇದ್ದರು. ಮಾನ್ಯರೇ, ಆ ಲಕೋಟೆ ನಿಮ್ಮ ರಾಜಧಾನಿಯಿಂದಲೇ ಹೊರಟದ್ದು. ಈ ಪತ್ರದಲ್ಲಿ ನಾನು ತಮಾಷೆ ಮಾಡದೆ ಬರೆಯುತ್ತಿರುವ ಸಾಲು ಇದೊಂದೇ: ಅದನ್ನು ನೋಡಿ ನನಗೆ ನಾಚಿಕೆಯಾಯಿತು.

ಲಕೋಟೆಯನ್ನು ಪಕ್ಕಕ್ಕಿಟ್ಟು ತಾಂತ್ ಯೂಲಾಲಿ ಕೇಳಿದರು: “ನಿನ್ನ ಆ ದಪ್ಪ ಪುಸ್ತಕದಲ್ಲಿ ನೋಡಿ ಹೇಳು. ಜಡ್ಜಿಗೆ ಎಪ್ಪತ್ತರ ಮಿತಿ ಇದೆ. ದೂರು ಕೊಡೋರಿಗೆ?”

ಕಡತ ತಿರುವಿದೆ. “ಇಲ್ಲ ತಾಂತ್. ದೂರು ಕೊಡೋಕೆ ಮಿತಿ ಇಲ್ಲ.”

“ಪೆನ್ನು ಕೊಡು.”

ಹೀಗೆ ದಾಖಲಾಯಿತು ‘ವೆರೆಟ್ ವಿರುದ್ಧ ಪೆಲ್ಲರಿನ್ ಮತ್ತು ಮಾಟರ್ನ್’. ವಿಚಾರಣೆಯ ದಿನ ಷೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಕೆ ಬಂದದ್ದು ಕೈಯಲ್ಲಿ ಪಾತ್ರೆ ಹಿಡಿದು. ಪ್ರತಿವಾದಿಗಳಿಬ್ಬರಿಗೂ ಒಂದೊಂದು ಬಟ್ಟಲು ಬಡಿಸಿ, “ಮೊದಲು ತಿನ್ನಿ” ಎಂದರು. ಅವರು ತಿಂದರು. ನನಗೂ ಒಂದು ಬಟ್ಟಲು ಬಂತು. ವಾದಿಯ ಕೈಯಿಂದ ನ್ಯಾಯಾಧೀಶ ಉಣ್ಣಬಹುದೇ ಎಂದು ಕಡತದಲ್ಲಿ ನೋಡಬೇಕೆಂದುಕೊಂಡೆ. ಆಮೇಲೆ ಸಾರು ಆರುತ್ತದೆಂದು ಉಂಡೆ.

ದೂರು ಸರಳವಾಗಿತ್ತು. ಹಿನ್ನೀರಿನ ಆಚೆ ದಡದಲ್ಲಿ ತಾಂತ್ ಯೂಲಾಲಿಯ ಅಕ್ಕ ಒಡೀಲ್ ಇದ್ದಾರೆ. ಅವರಿಗೆ ಎಪ್ಪತ್ತೊಂಬತ್ತು, ಕಣ್ಣು ಮಂಜು. ಸೇತುವೆಯಿಲ್ಲ, ರಸ್ತೆಯಲ್ಲಿ ಸುತ್ತಿ ಹೋಗಲು ಅರ್ಧ ದಿನ. ಇಪ್ಪತ್ತಾರು ವರ್ಷದಿಂದ ಪ್ರತಿ ತಿಂಗಳ ಮೊದಲ ಶುಕ್ರವಾರ ಅಪ್ಪನೂ ಎನೋಸರೂ ತಮ್ಮ ದೋಣಿಯಲ್ಲಿ ತಾಂತ್ ಯೂಲಾಲಿಯನ್ನು ಆಚೆ ದಡಕ್ಕೆ ಬಿಟ್ಟು ಕರೆತರುತ್ತಿದ್ದರು. ಜಗಳವಾದ ಮೇಲೆ ಎರಡು ಶುಕ್ರವಾರ ತಪ್ಪಿತ್ತು.

“ಎರಡು ಸಲವೂ ಅವಳು ಕಾಫಿ ಸೋಸಿಟ್ಕೊಂಡು ಕಟ್ಟೆ ಮೇಲೆ ಕಾದಿದ್ದಾಳೆ” ಎಂದರು ತಾಂತ್ ಯೂಲಾಲಿ. “ಅವಳಿಗೆ ಫೋನು ಕೇಳ್ಸಲ್ಲ, ಬರಲ್ಲ ಅಂದ್ರೆ ಬರ್ತೀನಿ ಅಂತ ಕೇಳಿಸ್ಕೊಳ್ತಾಳೆ. ನಿಮ್ಮ ಎಂಜಿನ್ ಸದ್ದೊಂದೇ ಅವಳಿಗೆ ಕೇಳ್ಸೋದು.”

ಅಪ್ಪ ಬಟ್ಟಲು ನೋಡಿದ. ಎನೋಸ್ ಬೂಟು ನೋಡಿದರು.

“ನಾನು ಬರಲ್ಲ ಅಂದಿಲ್ಲ ತಾಂತ್” ಎಂದ ಅಪ್ಪ. “ಮೀನು ಹಿಡಿದದ್ದು ನಾನು ಅಂತ ಇವನು ಒಪ್ಕೊಳ್ಲಿ.”

“ಬಾಲ ಹಿಡ್ಕೊಂಡೇ ಸಾಯ್ತೀನಿ, ಒಪ್ಕೊಳ್ಳಲ್ಲ” ಎಂದರು ಎನೋಸ್.

“ಸರಿ” ಎಂದರು ತಾಂತ್ ಯೂಲಾಲಿ. “ಕೋರ್ಟು ಒಪ್ಪಿದ್ರೆ ಪ್ರತಿವಾದಿಗಳಿಗೆ ಒಂದು ಪ್ರಶ್ನೆ.”

ಕೋರ್ಟು ಬಾಯಲ್ಲಿ ಬೆಂಡೆಕಾಯಿ ಇದ್ದದ್ದರಿಂದ ತಲೆಯಾಡಿಸಿತು.

“ಆ ಫೋಟೋದಲ್ಲಿ ನೀವಿಬ್ರೂ ಮೀನು ಹಿಡ್ಕೊಂಡು ನಿಂತಿದ್ದೀರಿ. ಫೋಟೋ ತೆಗೆದೋರು ಯಾರು?”

ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು:

“ತೆಗೆದೋಳು ನಾನು. ಒಂದು ತಿಂಗಳ ಮೊದಲ ಶುಕ್ರವಾರ ಅದು. ಎಂಜಿನ್ ಕೆಟ್ಟು ನಡುನೀರಲ್ಲಿ ನಿಂತ್ವಿ. ಇಬ್ರೂ ಎಂಜಿನ್ನಿಗೆ ತಲೆ ತೂರಿಸ್ಕೊಂಡು ಕಿತ್ತಾಡ್ತಿದ್ರಿ. ‘ತಾಂತ್, ಈ ಗಾಳದ ಕೋಲು ಒಂಚೂರು ಹಿಡ್ಕೊಳ್ಳಿ’ ಅಂತ ಯಾರೋ ನನ್ನ ಕೈಗೆ ಕೊಟ್ರಿ. ಆಮೇಲೆ ಒಂದು ಗಂಟೆ ಆ ರಾಕ್ಷಸನ ಜೊತೆ ಗುದ್ದಾಡಿದ್ದು ಯಾರು ಉಲ್ರಿಕ್?”

“...ನೀವು” ಎಂದ ಅಪ್ಪ, ಬಟ್ಟಲಿನೊಳಕ್ಕೆ.

“ಬಲೆ ಒಡ್ಡಿ ಎತ್ತಿದ್ದು ನಾನು” ಎಂದರು ಎನೋಸ್, ಕ್ಷೀಣವಾಗಿ.

“ಆ ಬಲೆ ತೂತಾಗಿತ್ತು ಕಣೋ! ನಾನು ಕೈ ಹಾಕಿ ಎತ್ತಿದ್ದು!”

“ತೂತು ಮಾಡಿದ್ದು ಯಾರು? ನಿನ್ನ ಬೂಟು!”

“ತಾಂತ್, ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?” ಎಂದು ನಾನು ಕೇಳಿದೆ. ಹಾಗೆ ಕೇಳುವುದು ವಿಧಿವತ್ತಾದ ಪ್ರಶ್ನೆಯೇ ಎಂದು ತಿಳಿಯದು.

“ನಾನು ಜಡ್ಜ್ ಆಗಿದ್ದೆ ಮಗಾ. ಜಡ್ಜಾದೋಳು ಮೀನಿಗೆಲ್ಲ ಕಿತ್ತಾಡಬಾರ್ದು. ಈಗ ಕಿತ್ತಾಡಬಹುದು” ಎಂದರು. “ನನ್ನ ವಾದ ಮುಗೀತು. ತೀರ್ಪು ನಿಂದು.”

‘ವಾದಿ ಕೇಳಿದಂತೆ’ ಎಂಬ ಎರಡೇ ಪದದ ತೀರ್ಪು ಕೊಟ್ಟೆ. ಆ ಮಧ್ಯಾಹ್ನ ಇಬ್ಬರೂ ಬೈದಾಡಿಕೊಂಡೇ ಎಂಜಿನ್ನನ್ನು ದೋಣಿಗೆ ಬಿಗಿದರು. ಶುಕ್ರವಾರ ತಾಂತ್ ಯೂಲಾಲಿಯನ್ನು ಕೂರಿಸಿಕೊಂಡು ಹೊರಟರು. ಹೋಗುವಾಗ ಮಾತಿರಲಿಲ್ಲವಂತೆ. ಬರುವಾಗ ಮೂವರೂ ಒಟ್ಟಿಗೆ ಮಾತಾಡುತ್ತಿದ್ದದ್ದು ಎಂಜಿನ್ ಸದ್ದಿಗಿಂತ ಮೊದಲು ನಮಗೆ ಕೇಳಿಸಿತು. ಆ ಭಾನುವಾರ ಎನೋಸ್ ನಮ್ಮ ಮನೆಯಲ್ಲಿ ಉಂಡು, ಸಾರು ನೀರಾಗಿದೆಯೆಂದರು. ಅಮ್ಮ ಸೌಟಿನಿಂದಲೇ ಒಂದು ಕೊಟ್ಟು, ಇನ್ನೊಂದು ಸಲ ಬಡಿಸಿದಳು.

ಇಲ್ಲಿಗೆ ಮುಗಿದಿದ್ದರೆ ನಿಮಗೆ ಈ ಪತ್ರ ಬರೆಯುತ್ತಿರಲಿಲ್ಲ. ಆದರೆ ಸುದ್ದಿ ಹಬ್ಬಿತು. ಅಲ್ಲಿಂದ ಮುಂದೆ ವಾರ್ಡಿನ ಯಾವ ಜಗಳವಾದರೂ ತಾಂತ್ ಯೂಲಾಲಿ ಹೇಗೋ ಅದರಲ್ಲಿ ಒಬ್ಬರು ದೂರುದಾರರು. ಇಬ್ಬರು ಬೇಲಿಗಾಗಿ ಬಡಿದಾಡಿದರೆ ಆ ಬೇಲಿಯ ಮೇಲೆ ಅವರ ಬೆಕ್ಕು ನಡೆಯುತ್ತಿತ್ತು. ಬಾತುಕೋಳಿ ಬೇಟೆಯ ಅಟ್ಟಣೆಗೆ ಅಣ್ಣತಮ್ಮಂದಿರು ಹೊಡೆದಾಡಿದರೆ, ಆ ಗದ್ದಲಕ್ಕೆ ಅವರ ಮಧ್ಯಾಹ್ನದ ನಿದ್ದೆ ಕೆಡುತ್ತಿತ್ತು. ಒಬ್ಬ ತಾನಾಗಿಯೇ ಹೋಗಿ, “ತಾಂತ್, ನಿಮ್ಮ ಹೂಕುಂಡ ಒಡೀತೀನಿ, ನನ್ನ ಮೇಲೂ ನನ್ನ ಭಾವನ ಮೇಲೂ ಸೇರಿಸಿ ಒಂದು ಕೇಸು ಹಾಕ್ತೀರಾ?” ಎಂದು ಬೇಡಿದ. ಒಂದು ವರ್ಷದಲ್ಲಿ ಹದಿನಾಲ್ಕು ಮೊಕದ್ದಮೆ. ದಾಖಲೆ ನೋಡಿದವರಿಗೆ ಈಕೆ ಜಗತ್ತಿನ ಮಹಾ ಜಗಳಗಂಟಿ ಎನ್ನಿಸಬೇಕು. ಪ್ರತಿ ಸಲವೂ ಮಂಡಿನೋವಿನ ಆ ಹೆಂಗಸು ನನ್ನ ಎಣ್ಣೆ ಬೆಂಚಿನ ಮೇಲೆ ಕೂತು ವಾದ ಮಾಡುತ್ತಿದ್ದರು. ನಾನು ಮೆತ್ತೆಯ ಕುರ್ಚಿಯಲ್ಲಿ ಕೂತು ತಲೆಯಾಡಿಸುತ್ತಿದ್ದೆ.

ಕಳೆದ ತಿಂಗಳು ಅದೂ ನಿಂತಿತು. ಪಟ್ಟಣದವರೊಬ್ಬರು ನಮ್ಮ ದಡದಲ್ಲಿ ರಜೆಯ ಮನೆ ಕೊಂಡು, ಅಜ್ಜನ ಕಾಲದಿಂದ ಜನ ನೀರಿಗಿಳಿಯುತ್ತಿದ್ದ ಕಾಲುದಾರಿಗೆ ಗೇಟು ಹಾಕಿದರು. ದಾರಿಯಂಚಿನ ಐದು ಮನೆಯವರ ಜೊತೆ ತಾಂತ್ ಯೂಲಾಲಿಯೂ ದೂರು ಕೊಟ್ಟರು. ಆ ಮನುಷ್ಯ ಒಬ್ಬ ವಕೀಲನನ್ನು ಕರೆತಂದ. ವಕೀಲ ಗಂಬೋ ಬೇಡವೆಂದ. ಆಗಲೇ ನನಗೆ ಕೆಟ್ಟದ್ದಾಗುತ್ತದೆ ಎನ್ನಿಸಿತು. ಎದ್ದು ನಿಂತು ಒಂದೇ ಮಾತು ಕೇಳಿದ: “ಶ್ರೀಮತಿ ವೆರೆಟ್ ಅವರ ಮನೆ ಈ ದಾರಿಯಿಂದ ಒಂದೂವರೆ ಮೈಲಿ ದೂರ. ಅವರಿಗೆ ಆದ ನಷ್ಟವೇನು?”

ಕಡತ ಸ್ಪಷ್ಟವಾಗಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಒಂದು ವರ್ಷದಲ್ಲಿ ಮೊದಲ ಸಲ ನಾನೊಬ್ಬನೇ ಯೋಚಿಸಬೇಕಾಗಿತ್ತು. ‘ವಾದಿ ವೆರೆಟ್ ಅವರ ಹೆಸರನ್ನು ದೂರಿನಿಂದ ತೆಗೆದುಹಾಕಲಾಗಿದೆ’ ಎಂದೆ.

ತಾಂತ್ ಯೂಲಾಲಿ ಬೆಂಚಿನಿಂದ ಎದ್ದರು. ಪಾತ್ರೆ ಎತ್ತಿಕೊಂಡರು. ನನ್ನ ಮುಂದೆ ಬಂದು ನಿಂತು, “ಸರಿಯಾದ ತೀರ್ಪು” ಎಂದರು. “ನಾನಾಗಿದ್ರೂ ಅದನ್ನೇ ಹೇಳ್ತಿದ್ದೆ. ಬೆವರು ಒರಸ್ಕೋ.” ಹೊರಗೆ ಹೋಗಿ ಬಾಗಿಲಾಚೆ ಅಪ್ಪನ ತೋಳು ಹಿಡಿದುಕೊಂಡು ನಡೆದರು.

ಸಾಕ್ಷಿಯಾಗಿ ಕರೆಯಬಹುದಲ್ಲ ಎನ್ನುವಿರಿ. ಸಾಕ್ಷಿ ಕೇಳಿದ್ದಕ್ಕಷ್ಟೇ ಉತ್ತರಿಸಬೇಕು. ಆಕೆ ಜೀವಮಾನದಲ್ಲಿ ಕೇಳಿದ್ದಕ್ಕಷ್ಟೇ ಉತ್ತರಿಸಿದವರಲ್ಲ. ಬರುವ ತಿಂಗಳು ಆ ಗೇಟಿನ ವಿಚಾರಣೆ ನಡೆಯುತ್ತದೆ. ಐದು ಮನೆಯವರ ದೋಣಿಗಳು ಅಂಗಳದಲ್ಲಿ ಒಣಗುತ್ತಿವೆ. ಅವರ ಪಾಲಿಗಿರುವುದು ನಾನೊಬ್ಬನೇ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ನಿಮ್ಮ ಮಸೂದೆಯಲ್ಲಿ ಎಪ್ಪತ್ತೈದು ಎಂದಿದೆ. ಆಕೆಗೆ ಈಗ ಎಪ್ಪತ್ತಮೂರಾಯಿತು. ನನ್ನ ಅವಧಿ ಮುಗಿಯುವ ಹೊತ್ತಿಗೆ ಎಪ್ಪತ್ತೇಳು, ಅಂದರೆ ಇವತ್ತಿನ ನಿಮ್ಮಷ್ಟು. ನೀವು ಹೀಗೇ ಮುಂದೂಡುತ್ತ ಹೋದರೆ ನಿಮ್ಮ ಮಸೂದೆ ಜಾರಿಗೆ ಬರುವುದಕ್ಕೆ ಮುಂಚೆಯೇ ಅದಕ್ಕೂ ವಯಸ್ಸು ಮೀರುತ್ತದೆ. ಎಪ್ಪತ್ತೈದನ್ನು ಎಂಬತ್ತೈದು ಮಾಡಿ, ಈ ಅಧಿವೇಶನದಲ್ಲೇ ಪಾಸು ಮಾಡಿ. ಯಾರ ಬುದ್ಧಿ ಯಾವಾಗ ಕೆಡುತ್ತದೆಂಬುದನ್ನು ಆರು ವರ್ಷಕ್ಕೊಮ್ಮೆ ಮತಗಟ್ಟೆಯಲ್ಲಿ ನಾವೇ ತೀರ್ಮಾನಿಸುತ್ತೇವೆ. ಮೂಸಿ ನೋಡುವ ಕೆಲಸ ನಮಗೇ ಬಿಡಿ.

ಹಾಗೊಂದು ವೇಳೆ ಪಾಸಾದರೆ ಮತ್ತೆ ನಿಲ್ಲುತ್ತೀರಾ ಎಂದು ಮೊನ್ನೆ ತಾಂತ್ ಯೂಲಾಲಿಯನ್ನು ಕೇಳಿದೆ.

“ನಿಂತರೆ ಮನೆಮನೆಗೆ ಹೋಗಿ ನೀನು ಕೆಲಸಕ್ಕೆ ಬಾರದೋನು ಅಂತ ಹೇಳ್ಬೇಕಾಗುತ್ತೆ ಮಗಾ. ಬೇಜಾರು ಮಾಡ್ಕೊಳ್ಳಲ್ಲ ತಾನೇ?” ಎಂದರು.

“ನಿಮ್ಗೆ ಮಂಡಿನೋವು ತಾಂತ್. ನೀವು ಮನೇಲಿರಿ, ನಾನೇ ಹೋಗಿ ಹೇಳ್ತೀನಿ” ಎಂದೆ.

ಇದರೊಂದಿಗೆ ನನ್ನ ರಾಜೀನಾಮೆ ಪತ್ರವನ್ನು ಲಗತ್ತಿಸಿದ್ದೇನೆ. ಸಹಿಯಾಗಿದೆ, ಮೊಹರೂ ಬಿದ್ದಿದೆ. ದಿನಾಂಕದ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ. ಮಸೂದೆ ಪಾಸಾದ ದಿನ, ದಯಮಾಡಿ, ಅದನ್ನು ನೀವೇ ತುಂಬಿಕೊಳ್ಳಿ.

ಇಂತಿ,
ತಮ್ಮ ಕಾನೂನಿನ ಕೃಪೆಯಿಂದ ಇನ್ನೂ ನಲವತ್ತೊಂದು ವರ್ಷ ಬುದ್ಧಿವಂತನಾಗಿರಬೇಕಾದ ನತದೃಷ್ಟ,

ಕ್ಲೋವಿಸ್ ಪೆಲ್ಲರಿನ್
ವಾರ್ಡ್ ನ್ಯಾಯಾಧೀಶ, ಸದ್ಯಕ್ಕೆ
(ಎಂಜಿನ್ ರಿಪೇರಿಗೆ ಯಾವಾಗ ಬೇಕಾದರೂ ಬನ್ನಿ)